ಇಡ್ಲಿ ಪಾತ್ರೆಯಲ್ಲಿ ಮಜ್ಜಿಗೆಹುಲ್ಲಿನ ಎಣ್ಣೆ

ಟೆರೇಸಿನ ಕುಂಡದಲ್ಲಿ ಮಜ್ಜಿಗೆಹುಲ್ಲು ಸೊಂಪಾಗಿ ಬೆಳೆದಿದೆಯೇ? ಅದರ ಸುಗಂಧ ತೈಲವನ್ನು ಮನೆಯಲ್ಲೇ ಇಳಿಸಬಹುದು. ಶೀಸೆ ತುಂಬುವ ಆಸೆ ಮಾತ್ರ ಬೇಡ: ನೂರು ಗ್ರಾಂ ಹಸಿ ಹುಲ್ಲಿನಲ್ಲಿ ಅರ್ಧ ಗ್ರಾಂ ಎಣ್ಣೆ ಇದ್ದರೆ ಹೆಚ್ಚು.

ಅರ್ಧ ಕಿಲೋ ಹುಲ್ಲು ಕೊಯ್ದು ರಾತ್ರಿಯಿಡೀ ನೆರಳಲ್ಲಿ ಬಾಡಿಸಿ, ಬೆರಳುದ್ದ ಕತ್ತರಿಸಿ. ಇಡ್ಲಿ ಪಾತ್ರೆಗೆ ಮೂರು ಬೆರಳು ನೀರು ಹಾಕಿ, ನೀರಿಗೆ ತಾಗದಂತೆ ತೂತಿನ ತಟ್ಟೆ ಇಡಿ. ನಡುವೆ ಸ್ಟೀಲ್ ಬಟ್ಟಲು, ಸುತ್ತ ಹುಲ್ಲು. ಮುಚ್ಚಳವನ್ನು ಮಗುಚಿ ಮುಚ್ಚಿ. ಅದರ ಹಿಡಿ ಬಟ್ಟಲಿನ ನೇರಕ್ಕೆ ಇಳಿದಿರಲಿ. ಮೇಲೆ ಐಸ್ ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ತಣ್ಣನೆಯ ಮುಚ್ಚಳಕ್ಕೆ ತಾಗಿದ ಹಬೆ ಹನಿಯಾಗಿ ಹಿಡಿಯಿಂದ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಕುಕ್ಕರ್ ಬೇಡವೇ ಬೇಡ. ನೀರಿನ ಮೇಲೆ ಕಣ್ಣಿರಲಿ. ಮೊದಲ ಸಲ ನಾನು ಫೋನಿನಲ್ಲಿ ಹರಟುತ್ತಾ ನೀರು ಬತ್ತಿಸಿ, ಎರಡು ದಿನ ಮನೆಯೆಲ್ಲ ಸೀದ ಹುಲ್ಲಿನ ವಾಸನೆ.

ಈ ಹುಲ್ಲಿಗೆ ನಿಂಬೆಯ ಘಮ ಕೊಡುವ ಸಿಟ್ರಾಲ್ ಕುದಿಯುವುದು ಸುಮಾರು 229 ಡಿಗ್ರಿಗೆ. 900 ಮೀಟರಿಗೂ ಎತ್ತರದ ಬೆಂಗಳೂರಲ್ಲಿ ನೀರು 97ಕ್ಕೇ ಕುದಿಯುತ್ತದೆ. ಆದರೂ ಎಣ್ಣೆ ಏಳುತ್ತದಲ್ಲ! ನೀರು, ಎಣ್ಣೆ ಬೆರೆಯುವುದಿಲ್ಲವಾದ್ದರಿಂದ ಎರಡರ ಆವಿಯ ಒತ್ತಡ ಕೂಡಿ ಗಾಳಿಯ ಒತ್ತಡಕ್ಕೆ ಸಮನಾದರೆ ಸಾಕು, ಜೊತೆಯಾಗಿಯೇ ಹೊರಡುತ್ತವೆ. 1916ರಲ್ಲಿ ನಮ್ಮೂರಲ್ಲಿ ಶುರುವಾದ ಸರ್ಕಾರಿ ಶ್ರೀಗಂಧದೆಣ್ಣೆ ಕಾರ್ಖಾನೆ ನಂಬಿದ್ದೂ ಹಬೆಯನ್ನೇ.

ಬಟ್ಟಲಿನ ನೀರು ತಣ್ಣಗಾದ ಮೇಲೆ ಬೆಳಕಿಗೆ ಹಿಡಿದು ನೋಡಿ: ಸಾರಿನ ಮೇಲಿನ ಒಗ್ಗರಣೆಯಂತೆ ಹಳದಿ ಕಣ್ಣುಗಳು ತೇಲುತ್ತವೆ. ಲವಂಗದೆಣ್ಣೆಯಾದರೆ ಮುಳುಗುತ್ತದೆ; ಅದು ನೀರಿಗಿಂತ ಭಾರ.

ಕ್ರಿಮಿ ಕೊಲ್ಲುವ ವಿಷಯದಲ್ಲಿ ಲವಂಗದ ಯೂಜೆನಾಲ್, ಓಂಕಾಳಿನ ಥೈಮಾಲ್, ದೊಡ್ಡಪತ್ರೆಯ ಕಾರ್ವಕ್ರಾಲ್ ಗಟ್ಟಿಗರು. ಮೂರೂ ಫೀನಾಲ್ ಎಂಬ ರಾಸಾಯನಿಕ ಕುಲದವು. ಬ್ಯಾಕ್ಟೀರಿಯಾದ ಕೊಬ್ಬಿನ ಪೊರೆಯೊಳಗೆ ನುಸುಳಿ ಅದನ್ನು ಸಡಿಲಿಸುತ್ತವೆ. ಒಳಗಿನ ಪೊಟ್ಯಾಸಿಯಂ ಸೋರಿ ಜೀವಕೋಶ ಸೊರಗುತ್ತದೆ. ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೇಗ ಸೋಲುತ್ತದೆ. ಹೊರಗೆ ಇನ್ನೊಂದು ಪೊರೆ ಹೊದ್ದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಸುಲಭಕ್ಕೆ ಬಗ್ಗದು. ಇದೆಲ್ಲ ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದು. ಜ್ವರಕ್ಕೆ, ಕೀವಾದ ಗಾಯಕ್ಕೆ ಇಂಥ ಎಣ್ಣೆಗಳೇ ಔಷಧಿ ಎನ್ನುವವರ ಮಾತು ಕೇಳಬೇಡಿ. ಕುಡಿಯಲೂ ಬೇಡಿ.

ತೇಲುವ ಎಣ್ಣೆಯನ್ನು ಡ್ರಾಪರಿನಲ್ಲಿ ಹೀರಿ ಕಂದು ಗಾಜಿನ ಶೀಸೆಗೆ ಹಾಕಿ, ಬಿಗಿಯಾಗಿ ಮುಚ್ಚಿಡಿ. ಬೆಳಕು, ಗಾಳಿ ತಾಗಿದರೆ ಸಿಟ್ರಾಲ್ ಕೆಡುತ್ತದೆ. ಮೈಗೆ ಹಚ್ಚುವುದಾದರೆ ನೂರು ಹನಿ ಕೊಬ್ಬರಿ ಎಣ್ಣೆಗೆ ಒಂದೇ ಹನಿ, ಅದೂ ಮೊದಲು ಮೊಣಕೈ ಒಳಮಗ್ಗುಲಲ್ಲಿ ಪರೀಕ್ಷಿಸಿ. ಉಳಿದ ಘಮದ ನೀರನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಅಡುಗೆಕಟ್ಟೆ ಒರೆಸಲು ಬಳಸಿ, ಸೋಪಿನಿಂದ ತೊಳೆದ ಮೇಲೆ.