ಟಿಬಿ ರೋಗಿನ ಸರ್ಕಾರಿ ಆಸ್ಪತ್ರೆ ಜೊತೆ ಸೇರಿ ನೋಡ್ಕೊಳ್ಳೋದು: ನನ್ನ ಕ್ಲಿನಿಕ್ ಅನುಭವ

ನಾನು ಬಯಲುಸೀಮೆಯ ಒಂದು ತಾಲೂಕು ಊರಲ್ಲಿ ಸಣ್ಣ ಕ್ಲಿನಿಕ್ ಇಟ್ಕೊಂಡಿರೋ ಎಂಬಿಬಿಎಸ್ ಡಾಕ್ಟರ್. ಜ್ವರ, ಶುಗರ್, ಬಿಪಿ, ಮಕ್ಕಳ ಭೇದಿ ಎಲ್ಲಾ ಮೊದ್ಲು ಬರೋದು ನಮ್ಮಂಥೋರ ಹತ್ರಾನೇ, ಟಿಬಿನೂ ಹಂಗೇ. ಯಾರೂ ಟಿಬಿ ಅಂತ ಹೇಳ್ಕೊಂಡು ಬರಲ್ಲ, "ಡಾಕ್ಟ್ರೇ, ಕೆಮ್ಮು ಹೋಗ್ತಾನೇ ಇಲ್ಲ, ಒಂದು ಒಳ್ಳೆ ಸಿರಪ್ ಬರ್ಕೊಡಿ" ಅಂತಾರೆ. 1960ರ ದಶಕದ ಶುರುವಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆ ಹಳ್ಳಿಗಳಲ್ಲಿ ಅಧ್ಯಯನ ಮಾಡಿದಾಗ್ಲೇ ಇದು ಗೊತ್ತಾಗಿತ್ತು, ಟಿಬಿ ಇದ್ದೋರಲ್ಲಿ ಸುಮಾರು ಅರ್ಧ ಜನ ಆಗ್ಲೇ ಚಿಕಿತ್ಸೆ ಹುಡ್ಕೊಂಡು ಹೋಗಿ ಕೆಮ್ಮಿನ ಔಷಧಿ ಬಾಟ್ಲಿ ಹಿಡ್ಕೊಂಡು ವಾಪಸ್ ಬಂದಿದ್ರು. ಅಂದ್ರೆ ರೋಗಿ ನಮ್ಮ ಬಾಗ್ಲಿಗೆ ಬಂದಾಯ್ತು, ಅಲ್ಲಿಂದ ಮುಂದಿನದು ನಮ್ಮ ಕೆಲಸ.

ಖಾಸಗಿ ಡಾಕ್ಟ್ರು ಟಿಬಿ ಕೇಸ್ ಸರ್ಕಾರಕ್ಕೆ ತಿಳಿಸ್ಲೇಬೇಕು ಅಂತ 2012ರಲ್ಲೇ ಆದೇಶ ಆಗಿದೆ. 2018ರ ಗೆಜೆಟ್‌ನಲ್ಲಿ ತಿಳಿಸದೇ ಇದ್ರೆ ಕ್ರಮ ತಗೋಬಹುದು ಅಂತಾನೂ ಬಂತು. ಕೇಸ್ ತಿಳಿಸಿದ್ರೆ 500 ರೂಪಾಯಿ, ಚಿಕಿತ್ಸೆ ಮುಗಿದ್ಮೇಲೆ ಏನಾಯ್ತು ಅಂತ ತಿಳಿಸಿದ್ರೆ ಇನ್ನೊಂದು 500 ಇದೆ. ಆದ್ರೂ ಎಷ್ಟೋ ಡಾಕ್ಟ್ರು ಹಿಂದೇಟು ಹಾಕ್ತಾರೆ, ಯಾಕಂದ್ರೆ ಒಂದ್ಸಲ ಹೆಸರು ಕೊಟ್ರೆ ರೋಗಿ ಕೈಬಿಟ್ಟು ಹೋಗ್ತಾನೆ ಅನ್ನೋ ಭಯ. ರೋಗಿಗೆ ಬೇರೆ ಭಯ, ಸರ್ಕಾರಿ ಆಸ್ಪತ್ರೆ ಕ್ಯೂನಲ್ಲಿ ಯಾರಾದ್ರೂ ಊರೋರು ನೋಡ್ತಾರೆ ಅಂತ. ನನ್ನ ಪ್ರಕಾರ ಈ ಎರಡು ಭಯ ಹೋಗೋ ತನಕ ಆದೇಶ ಎಷ್ಟು ಬಂದ್ರೂ ಕೆಲಸ ಆಗಲ್ಲ.

ಅದಕ್ಕೆ ನಾನು ತಾಲೂಕು ಆಸ್ಪತ್ರೆಗೆ ಹೋಗಿ ಎಸ್‌ಟಿಎಸ್, ಅಂದ್ರೆ ಟಿಬಿ ಚಿಕಿತ್ಸೆ ನೋಡ್ಕೊಳ್ಳೋ ಮೇಲ್ವಿಚಾರಕರು, ಅವ್ರನ್ನ ಭೇಟಿಯಾಗಿ, ತಾಲೂಕು ಆರೋಗ್ಯಾಧಿಕಾರಿ (ಟಿಎಚ್‌ಓ) ಸಾಹೇಬ್ರ ಎದುರಿಗೇ ಕೂತು ಮಾತಾಡ್ದೆ. ಟೆಸ್ಟ್, ಮಾತ್ರೆ, ಮನೆಯವರ ತಪಾಸಣೆ, ಟಿಬಿ ರೋಗಿಗಳ ದಾಖಲೆ ಇಡೋ ಸರ್ಕಾರದ ನಿಕ್ಷಯ್ ಪೋರ್ಟಲ್ ಎಂಟ್ರಿ ನಿಮ್ದು, ರೋಗಿನ ತಿಂಗಳು ತಿಂಗಳು ನೋಡೋದು, ತೂಕ, ಸೈಡ್ ಎಫೆಕ್ಟ್, ಬೇರೆ ಔಷಧಿಗಳ ಹೊಂದಾಣಿಕೆ ನಂದು ಅಂದೆ. ಅವ್ರು ತಕ್ಷಣ ಒಪ್ಪಿದ್ರು, ಯಾಕಂದ್ರೆ ನಿಯಮದಲ್ಲೇ ಅದಕ್ಕೆ ಅವಕಾಶ ಇದೆ, ಖಾಸಗಿ ಡಾಕ್ಟ್ರ ಹತ್ರ ಇರೋ ರೋಗಿಗೂ ಸರ್ಕಾರದ ಮಾತ್ರೆ ಫ್ರೀ, ರೋಗಿ ಡಾಕ್ಟ್ರನ್ನ ಬದಲಾಯಿಸಬೇಕಿಲ್ಲ. ಈ ಒಂದು ವಿಷ್ಯ ನಮ್ಮ ಖಾಸಗಿ ಡಾಕ್ಟ್ರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಈಗ ಹೆಂಗೆ ನಡೆಯುತ್ತೆ ಅಂದ್ರೆ, ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ಸಂಜೆ ಜ್ವರ, ತೂಕ ಇಳಿಯೋದು, ರಾತ್ರಿ ಬೆವರೋದು, ಇದರಲ್ಲಿ ಏನೇ ಇದ್ರೂ ಕಫ ಕಳಿಸ್ತೀನಿ. ಕಫ ಹಿಡಿಯೋ ಟ್ಯೂಬ್‌ಗಳನ್ನ ಎಸ್‌ಟಿಎಸ್ ಮೊದ್ಲೇ ಕ್ಲಿನಿಕ್‌ಗೆ ತಂದಿಟ್ಟಿದ್ದಾರೆ. ಒಂದು ಸ್ಯಾಂಪಲ್ ಆಗ್ಲೇ, ಇನ್ನೊಂದು ಬೆಳಗ್ಗೆ ಎದ್ದ ತಕ್ಷಣದ್ದು, ಎಂಜಲು ಬೇಡ, ಎದೆಯಿಂದ ಬರೋ ಕಫಾನೇ ಬೇಕು ಅಂತ ಕೂರ್ಸಿ ಹೇಳ್ಬೇಕು. ತಾಲೂಕು ಆಸ್ಪತ್ರೆ ಟ್ರೂನಾಟ್ ಮೆಷಿನ್‌ನಲ್ಲಿ ಟಿಬಿ ಇದ್ಯಾ ಅನ್ನೋದ್ರ ಜೊತೆಗೆ ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತಾ ಇಲ್ವಾ ಅಂತಾನೂ ಗೊತ್ತಾಗುತ್ತೆ, ರಿಪೋರ್ಟ್ ನನ್ನ ವಾಟ್ಸಾಪ್‌ಗೆ ಬರುತ್ತೆ. ಇಲ್ಲಿ ನನ್ನಂಥ ಡಾಕ್ಟ್ರಿಗೆ ಒಂದು ಮಾತು: ಹಳೇ ಕೆಮ್ಮಿಗೆ ಲಿವೋಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ಬರೀಬೇಡಿ. ಅದು ಟಿಬಿ ಕ್ರಿಮಿ ಮೇಲೂ ಕೆಲಸ ಮಾಡುತ್ತೆ, ರೋಗಿಗೆ ಸ್ವಲ್ಪ ದಿನ ವಾಸಿ ಆದಂಗೆ ಕಾಣುತ್ತೆ, ರೋಗ ಒಳಗೇ ಬೆಳೀತಾ ಇರುತ್ತೆ, ಪತ್ತೆ ಆಗೋದು ತಡ ಆಗುತ್ತೆ.

ಪಾಸಿಟಿವ್ ಬಂದ್ರೆ ಎಚ್‌ಐವಿ, ಶುಗರ್ ಎರಡೂ ಟೆಸ್ಟ್, ಆಮೇಲೆ ತೂಕ ನೋಡಿ ದಿನಾ ನುಂಗೋ ಮಾತ್ರೆ, 35ರಿಂದ 49 ಕೆಜಿ ಇದ್ರೆ ಮೂರು, 50ರಿಂದ 64 ಇದ್ರೆ ನಾಲ್ಕು. ಸಾಮಾನ್ಯ ಟಿಬಿಗೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿರೋ ಮಾತ್ರೆ, ಉಳಿದ ನಾಲ್ಕು ತಿಂಗಳು ಮೂರು ಔಷಧಿದು. ಮೂತ್ರ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ಹೋಗುತ್ತೆ ಅಂತ ಮೊದಲ ದಿನಾನೇ ಹೇಳಿಬಿಡ್ತೀನಿ, ಹೇಳ್ದಿದ್ರೆ ಹೆದರ್ಕೊಂಡು ಮಾತ್ರೆ ಬಿಟ್ಬಿಡ್ತಾರೆ.

ಫ್ಯಾಮಿಲಿ ಡಾಕ್ಟ್ರು ಇರ್ಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳೋದು ಇದಕ್ಕೆ. ರಿಫಾಂಪಿಸಿನ್ ಶುರುವಾದ್ರೆ ಶುಗರ್ ಮಾತ್ರೆ ಗ್ಲಿಮಿಪಿರೈಡ್ ಕೆಲಸ ಕಮ್ಮಿ ಆಗಿ ಶುಗರ್ ಏರುತ್ತೆ, ಗರ್ಭನಿರೋಧಕ ಮಾತ್ರೆ ನಂಬೋ ಹಂಗಿಲ್ಲ, ಹಾರ್ಟ್ ಆಪರೇಷನ್ ಆಗಿ ರಕ್ತ ಹೆಪ್ಪುಗಟ್ಟದಂಗೆ ವಾರ್ಫರಿನ್ ತಗೊಳ್ತಿರೋರಿಗೆ ಡೋಸ್ ಸಾಲೋದಿಲ್ಲ. ಈ ಅಮ್ಮ ಏನೇನು ಮಾತ್ರೆ ತಗೊಳ್ತಾರೆ, ಗಂಡ ಕುಡೀತಾನಾ, ಲಿವರ್ ಹೆಂಗಿದೆ, ಅತ್ತೆಗೆ ಹಿಂದೆ ಟಿಬಿ ಆಗಿತ್ತಾ, ಇದೆಲ್ಲಾ ಗೊತ್ತಿರೋದು ವರ್ಷಗಟ್ಟಲೆ ನೋಡಿರೋ ಡಾಕ್ಟ್ರಿಗೆ. ಔಷಧಿ ಸರ್ಕಾರಿ ಆಸ್ಪತ್ರೆಯವ್ರ ಹತ್ರ ಇದೆ, ಮನೆ ಕಥೆ ನನ್ನ ಹತ್ರ ಇದೆ, ಎರಡೂ ಸೇರಿದ್ರೇನೇ ರೋಗಿ ವಾಸಿ ಆಗೋದು.

ಗುಟ್ಟಿನ ವಿಷ್ಯ ತುಂಬಾ ಸೂಕ್ಷ್ಮ. ಮದುವೆ ಮಾತುಕತೆ ನಡೀತಿದ್ದ ಒಂದು ಹುಡುಗಿ ತಾಯಿ ಕೈಮುಗಿದು, "ಆಶಾದೋರು ಮನೆ ಹತ್ರ ಮಾತ್ರ ಬರೋದು ಬೇಡ ಸಾರ್, ಬೀದಿಲಿ ಎಲ್ರಿಗೂ ಗೊತ್ತಾಗುತ್ತೆ" ಅಂದ್ರು. ನಮ್ಮೂರಲ್ಲಿ ಅದು ಸುಳ್ಳು ಭಯ ಅಲ್ಲ. ಆಶಾ ಕಾರ್ಯಕರ್ತೆನ ನಾನೇ ಕರ್ದು ಕೇಳ್ದೆ, "ಅಕ್ಕಾ, ಇವ್ರನ್ನ ಕ್ಲಿನಿಕ್‌ನಲ್ಲೇ ನೋಡೋಕಾಗುತ್ತಾ?" ಅವ್ರು, "ಅದಕ್ಕೇನು ಡಾಕ್ಟ್ರೇ, ಸಂತೆ ದಿನ ನಾನು ಹೆಂಗೂ ಬರ್ತೀನಿ" ಅಂದ್ರು. ಮಾತ್ರೆ ಅಲ್ಲೇ ಕೈಗೆ ಸಿಕ್ತು, ಮನೆಯವರ ತಪಾಸಣೆನೂ ಅಲ್ಲೇ ಆಯ್ತು, ಹುಡುಗಿ ಆರು ತಿಂಗಳು ಒಂದು ದಿನಾನೂ ಬಿಡದೆ ಮುಗಿಸಿದ್ಲು. ಆ ಅಕ್ಕನಿಗೆ ನಾನು ಎಷ್ಟು ಕೃತಜ್ಞತೆ ಹೇಳಿದ್ರೂ ಕಮ್ಮಿ.

ಟಿಬಿ ರೋಗಿ ಪೌಷ್ಟಿಕ ಊಟಕ್ಕೆ ಅಂತ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ದುಡ್ಡು ಖಾಸಗಿ ರೋಗಿಗೂ ಬರುತ್ತೆ, 2018ರಲ್ಲಿ ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಮೊಟ್ಟೆ, ಬೇಳೆ, ಕಡ್ಲೆಕಾಯಿ ತಗೊಳ್ಳೋಕೆ ಅದು ನಿಜವಾಗ್ಲೂ ಆಸರೆ. ಬ್ಯಾಂಕ್ ಅಕೌಂಟ್‌ಗೆ ಆಧಾರ್ ಲಿಂಕ್ ಆಗಿದ್ಯಾ ಅಂತ ಮೊದಲ ವಾರದಲ್ಲೇ ನೋಡಿಸ್ಬೇಕು, ಇಲ್ದಿದ್ರೆ ದುಡ್ಡು ಅಲ್ಲೇ ನಿಲ್ಲುತ್ತೆ.

ಇನ್ನೂ ಕಷ್ಟ ಆಗೋದು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗೋರ ವಿಷ್ಯದಲ್ಲಿ. ಒಂದು ತಿಂಗಳು ಮಾತ್ರೆ ತಗೊಂಡು ಮೈ ಹಗುರ ಆದ ತಕ್ಷಣ ಗಾರೆ ಕೆಲಸಕ್ಕೆ ಹೊರಟುಬಿಡ್ತಾರೆ. ಹೋಗೋ ಮುಂಚೆ ನನಗೆ ಹೇಳಿ ಹೋಗಿ ಅಂತ ಪ್ರತಿ ಸಲಾನೂ ಹೇಳ್ತೀನಿ, ಹೇಳಿದ್ರೆ ಎಸ್‌ಟಿಎಸ್ ಪೋರ್ಟಲ್‌ನಲ್ಲೇ ಟ್ರಾನ್ಸ್‌ಫರ್ ಮಾಡಿ, ಹೋಗೋ ಏರಿಯಾದ ಟಿಬಿ ಸಿಬ್ಬಂದಿ ನಂಬರ್ ರೋಗಿ ಕೈಗೆ ಬರ್ಕೊಟ್ಟು, ಅಲ್ಲಿ ಸೇರ್ಕೊಳ್ಳೋ ತನಕ ಆಗೋಷ್ಟು ಮಾತ್ರೆ ಕಟ್ಟಿ ಕಳಿಸ್ತಾರೆ. ನಾನು ವಾರ ಬಿಟ್ಟು ಒಂದು ಫೋನ್ ಮಾಡ್ತೀನಿ.