ಕ್ರೀಮ್ ಡಬ್ಬಿಯ ಹಿಂಬದಿ ಓದುವುದು ಹೇಗೆ?

ಕಳೆದ ತಿಂಗಳು ತಂಗಿ ಹಸಿರು ಬಣ್ಣದ ಲೋಳೆಸರ ಜೆಲ್ ತಂದಳು. ‘ಅಕ್ಕಾ, ಹಿಂದೆ ಓದಿಯೇ ತಂದಿದ್ದೀನಿ, ಆಲೋ ಅಂತ ಬರೆದಿದೆ ನೋಡು’ ಅಂದಳು. ಬರೆದಿತ್ತು ನಿಜ. ಆದರೆ ಪಟ್ಟಿಯ ಕೊನೆಯ ಹತ್ತಿರ ಇತ್ತು. ಜಾಸ್ತಿ ಜನ ಎಡವುವುದು ಇಲ್ಲೇ: ಹೆಸರು ಹುಡುಕುತ್ತಾರೆ, ಜಾಗ ನೋಡುವುದಿಲ್ಲ.

ಮೊದಲು ಡಬ್ಬಿ ತಿರುಗಿಸಿ ‘ಇಂಗ್ರೀಡಿಯೆಂಟ್ಸ್’ ಪಟ್ಟಿ ಹುಡುಕಿ. ಅಕ್ಷರ ಚಿಕ್ಕದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಿ.

ಆಮೇಲೆ ಹೆಸರುಗಳು. ಆಕ್ವಾ ಅಂದರೆ ನೀರು. ಕರ್ಕ್ಯುಮಾ ಲಾಂಗಾ ಅರಿಶಿನ, ಅಜಾಡಿರಾಕ್ಟಾ ಇಂಡಿಕಾ ಬೇವು, ಸ್ಯಾಂಟಲಮ್ ಆಲ್ಬಮ್ ಶ್ರೀಗಂಧ. ಉಳಿದವನ್ನು ಬಾಯಿಪಾಠ ಮಾಡಬೇಕಿಲ್ಲ.

ಈಗ ನಿಧಾನವಾಗಿ ಓದಬೇಕಾದ ಭಾಗ. ಯಾವುದು ಜಾಸ್ತಿ ಇದೆಯೋ ಅದು ಪಟ್ಟಿಯಲ್ಲಿ ಮೊದಲು ಬರುತ್ತದೆ, ಕಡಿಮೆ ಇರುವುದು ಆಮೇಲೆ. ಆದರೆ ಈ ನಿಯಮ ಶೇಕಡಾ 1ಕ್ಕಿಂತ ಜಾಸ್ತಿ ಇರುವುದಕ್ಕೆ ಮಾತ್ರ. ಅದಕ್ಕಿಂತ ಕಡಿಮೆ ಇರುವುದನ್ನು ಕಂಪನಿಯವರು ತಮಗೆ ಬೇಕಾದ ಕ್ರಮದಲ್ಲಿ ಬರೆಯಬಹುದು, ಹಾಗಾಗಿ ಚಿಟಿಕೆಯಷ್ಟು ಕೇಸರಿ, ಗಂಧ ಹಾಕಿ ಅವುಗಳ ಹೆಸರನ್ನೇ ಮುಂದಕ್ಕೆ ತರಬಹುದು. ಆ ಶೇಕಡಾ 1ರ ಗೆರೆಯನ್ನು ಡಬ್ಬಿಯ ಮೇಲೆ ಯಾರೂ ಎಳೆದಿರುವುದಿಲ್ಲ, ಅಲ್ವಾ? ನಾವೇ ಎಳೆಯಬೇಕು. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಇದೆಯಾ ನೋಡಿ. ಕ್ರೀಮು ಕೆಡದಂತೆ ಹಾಕುವ ವಸ್ತು ಅದು, ಶೇಕಡಾ 1ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಅಂದರೆ ಅದರ ನಂತರ ಬರುವುದೆಲ್ಲ ಶೇಕಡಾ 1 ಅಥವಾ ಅದಕ್ಕೂ ಕಡಿಮೆ. ಗಟ್ಟಿ ಬರಲೆಂದು ಹಾಕುವ ಕಾರ್ಬೊಮರ್, ಜಾಂಥನ್ ಗಮ್ ಕೂಡ ಸಾಮಾನ್ಯವಾಗಿ ಅಷ್ಟೇ ಕಡಿಮೆ ಇರುತ್ತವೆ, ಆದ್ದರಿಂದ ಗೆರೆ ಇನ್ನೂ ಮೇಲೆಯೇ ಇರಬಹುದು.

ತಂಗಿಯ ಜೆಲ್‌ನಲ್ಲಿ ನೀರು, ಗ್ಲಿಸರಿನ್, ಕಾರ್ಬೊಮರ್, ಫಿನಾಕ್ಸಿಎಥನಾಲ್ ಆದಮೇಲೆ ಲೋಳೆಸರ ಇತ್ತು. ಕೊನೆಗೆ ಸಿಐ 19140, ಸಿಐ 42090 ಅನ್ನುವ ಬಣ್ಣಗಳು. ಒಂದು ಹಳದಿ, ಇನ್ನೊಂದು ನೀಲಿ. ಎರಡೂ ಸೇರಿದರೆ ಹಸಿರು. ಮನೆಯ ಕುಂಡದಲ್ಲಿರುವ ಲೋಳೆಸರದ ಸಿಪ್ಪೆ ತೆಗೆದು ನೋಡಿ, ಒಳಗಿನ ತಿರುಳಿಗೆ ಬಣ್ಣವೇ ಇಲ್ಲ.

ಹಾಗಂತ ಗೆರೆಯ ಕೆಳಗಿರುವುದೆಲ್ಲ ದಂಡ ಅಂತಲ್ಲ. ಸುಕ್ಕು ಕಡಿಮೆಯಾಗಲೆಂದು ಹಾಕುವ ರೆಟಿನಾಲ್, ಚರ್ಮದ ತೇವಕ್ಕೆ ಹಾಕುವ ಸೋಡಿಯಂ ಹಯಲುರೋನೇಟ್ ಸ್ವಲ್ಪವೇ ಸಾಕು. ಕಲೆ ತಿಳಿಯಾಗಲೆಂದು ಹಾಕುವ ನಿಯಾಸಿನಮೈಡ್ ಮಾತ್ರ ಗೆರೆಯ ಮೇಲಿರಲಿ.

ಪರ್ಫ್ಯೂಮ್ ಅಥವಾ ಫ್ರೇಗ್ರೆನ್ಸ್ ಅನ್ನುವ ಒಂದೇ ಪದದೊಳಗೆ ಹತ್ತಾರು ವಸ್ತು ಅಡಗಿರಬಹುದು. ಮುಖಕ್ಕೆ ಹಚ್ಚಿ ಬಿಡುವ ಕ್ರೀಮಿನಲ್ಲಿ ಪರಿಮಳ ಬೇಡವೇ ಬೇಡ. ಸೋಪಿನಲ್ಲಿದ್ದರೆ ತೊಳೆದು ಹೋಗುತ್ತದೆ, ಅದು ಬೇರೆ. ‘ಪ್ಯಾರಾಬೆನ್ ಇಲ್ಲ’ (ಇದೂ ಕ್ರೀಮು ಕೆಡದಂತೆ ಹಾಕುವ ವಸ್ತು) ಅನ್ನೋದನ್ನು ನೋಡಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ, ಅದರ ಬದಲು ಕೆಲವೊಮ್ಮೆ ಹಾಕುವ ಮಿಥೈಲ್‌ಐಸೋಥಯಜೋಲಿನೋನ್ ಎಷ್ಟೋ ಜನರಿಗೆ ಅಲರ್ಜಿ ತರುತ್ತದೆ. ಸ್ಕ್ಯಾನ್ ಮಾಡಿ ಅಂಕ ಕೊಡುವ ಆ್ಯಪ್‌ಗಳನ್ನೂ ನಾನು ನಂಬುವುದಿಲ್ಲ. ಹೆಸರು ನೋಡಿ ಹೆದರಿಸುತ್ತವೆ, ಎಷ್ಟು ಹಾಕಿದ್ದಾರೆ ಅನ್ನೋದು ಅವಕ್ಕೆ ಗೊತ್ತಾಗುವುದಿಲ್ಲ.

ಹೊಸ ಕ್ರೀಮನ್ನು ಮೊದಲು ಮೊಣಕೈ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಿ.

ಪಟ್ಟಿಯೇ ಇಲ್ಲದ, ತಯಾರಕರ ವಿಳಾಸವೂ ಇಲ್ಲದ ‘ಬೆಳ್ಳಗಾಗುವ’ ಕ್ರೀಮನ್ನು ಯಾರು ಕೊಟ್ಟರೂ ಮುಟ್ಟಬೇಡಿ. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದಿದೆ, ಅದು ಮೂತ್ರಪಿಂಡಕ್ಕೇ ಹಾನಿ ಮಾಡುತ್ತದೆ. ಇನ್ನು ಮೆಡಿಕಲ್ ಶಾಪಿನಲ್ಲಿ ಸಿಗುವ ಚಿಕ್ಕ ಟ್ಯೂಬುಗಳು. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಬರೆದಿದ್ದರೆ ಅದು ಸ್ಟಿರಾಯ್ಡ್, ಅಂದರೆ ಔಷಧಿ. ಡಾಕ್ಟರ್ ಚೀಟಿ ಬೇಕು ಅನ್ನುವ ಎಚ್ಚರಿಕೆ ಟ್ಯೂಬಿನ ಮೇಲೇ ಇರುತ್ತದೆ. ಪಕ್ಕದ ಮನೆಯವರು ಹೇಳಿದರು ಅಂತ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟ ಮೇಲೆ ಮುಖ ಕೆಂಪಾಗಿ ಉರಿಯಬಹುದು. ಈಗಾಗಲೇ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸಲು ಹೋಗದೆ, ಆ ಟ್ಯೂಬನ್ನೇ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ.