ಎಚಿಂಗ್ ದ್ರಾವಣವನ್ನು ಚೆಲ್ಲದೆ ಉಳಿಸಿಕೊಂಡ ಬಗೆ

ಮನೆಯಲ್ಲಿ ಪಿಸಿಬಿ (ವಿದ್ಯುನ್ಮಾನ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ ಜೋಡಿಸುವ ಬೋರ್ಡು) ಮಾಡುವ ಬಹುತೇಕರಂತೆ, ಬೋರ್ಡಿನ ಬೇಡದ ತಾಮ್ರವನ್ನು ಕರಗಿಸಿ ತೆಗೆಯುವ ಎಚಿಂಗ್ ಕೆಲಸಕ್ಕೆ ನಾನೂ ಫೆರಿಕ್ ಕ್ಲೋರೈಡ್‌ನಿಂದಲೇ ಆರಂಭಿಸಿದೆ. ಆದರೆ ಅದರಲ್ಲಿ ತಾಮ್ರ ಸೇರುತ್ತ ಹೋದಂತೆ ಕಸುವು ಕುಂದಿ, ಕೊನೆಗೆ ಎಲ್ಲಿಯೂ ಸುರಿಯಲಾಗದ ಕಂದು ದ್ರವ ಉಳಿಯುತ್ತಿತ್ತು. ಆದ್ದರಿಂದ ತಾಮ್ರದ್ದೇ ಲವಣವಾದ ಕ್ಯುಪ್ರಿಕ್ ಕ್ಲೋರೈಡ್‌ಗೆ ಬದಲಾದೆ. ಇದರಲ್ಲಿ ಇಂದು ಕರಗಿದ ತಾಮ್ರವೇ ನಾಳಿನ ಬೋರ್ಡನ್ನು ಕರಗಿಸುತ್ತದೆ.

ಆರಂಭಕ್ಕೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಎರಡು ಪಾಲು ತೆಗೆದುಕೊಂಡು, ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಪಾಲನ್ನು ಬಯಲಿನಲ್ಲಿ, ಕನ್ನಡಕ ಮತ್ತು ಕೈಗವಸು ಧರಿಸಿ, ನಿಧಾನವಾಗಿ ಸೇರಿಸಿ, ತಾಮ್ರದ ತಂತಿಯ ಚೂರುಗಳನ್ನು ಕರಗಿಸಿದೆ. ಪೆರಾಕ್ಸೈಡ್ ಹೆಚ್ಚಾದರೆ ಕ್ಲೋರಿನ್ ಅನಿಲ ಏಳುವ ಅಪಾಯವಿರುವುದರಿಂದ, ಮುಂದಿನ ಪುನಶ್ಚೇತನಕ್ಕೆ ಗಾಳಿಯನ್ನೇ ನೆಚ್ಚಿಕೊಂಡಿದ್ದೇನೆ.

ದ್ರಾವಣ ಚೆನ್ನಾಗಿರುವಾಗ ಪಚ್ಚೆ ಹಸಿರಾಗಿ, ಪಾರದರ್ಶಕವಾಗಿರುತ್ತದೆ. ಬೋರ್ಡಿನ ತಾಮ್ರವನ್ನು ಕರಗಿಸುವಾಗ ಕ್ಯುಪ್ರಿಕ್ ಕ್ಲೋರೈಡ್ ತಾಮ್ರವನ್ನು ಕರಗಿಸಲಾರದ ಕ್ಯುಪ್ರಸ್ ಕ್ಲೋರೈಡ್ ಆಗಿ ಬದಲಾಗುವುದರಿಂದ ಬಣ್ಣ ಕಂದುಗಪ್ಪಿಗೆ ತಿರುಗಿ, ಕೆಲಸ ನಿಧಾನವಾಗುತ್ತದೆ. ಆಗ ಮೀನಿನ ತೊಟ್ಟಿಯ ಏರ್ ಪಂಪಿನಿಂದ ಸಣ್ಣ ಗುಳ್ಳೆಗಳನ್ನು ಹಾಯಿಸುತ್ತೇನೆ; ಗಾಳಿಯ ಆಮ್ಲಜನಕ ಮತ್ತು ದ್ರಾವಣದಲ್ಲಿರುವ ಆಮ್ಲ ಕೂಡಿ ಕ್ಯುಪ್ರಸ್ಸನ್ನು ಮರಳಿ ಕ್ಯುಪ್ರಿಕ್ ಮಾಡುತ್ತವೆ. ವಿದ್ಯುತ್ ಹೋದಾಗ ದ್ರಾವಣ ಕೊಳವೆಯಲ್ಲಿ ಹಿಂದಕ್ಕೆ ಹರಿಯದಂತೆ ಪಂಪನ್ನು ದ್ರಾವಣದ ಮಟ್ಟಕ್ಕಿಂತ ಎತ್ತರದಲ್ಲಿಡುವುದು ಅಗತ್ಯ.

ಬಣ್ಣ ಹೇಳದ ಸಂಗತಿಯೆಂದರೆ ಆಮ್ಲದ ಪ್ರಮಾಣ, ಮತ್ತು ನಿರ್ವಹಣೆಯ ನಿಜವಾದ ಕೆಲಸ ಇರುವುದು ಇಲ್ಲಿಯೇ. ಕರಗಿದ ತಾಮ್ರದ ಪ್ರತಿ ಪರಮಾಣುವಿಗೆ ಆಮ್ಲದ ಎರಡು ಅಣುಗಳು ಖರ್ಚಾಗುತ್ತವೆ. 35 ಮೈಕ್ರಾನ್ ದಪ್ಪದ ತಾಮ್ರವಿರುವ 10 ಸೆಂ.ಮೀ. ಚೌಕದ ಬೋರ್ಡಿನ ಒಂದು ಮೈಯಲ್ಲಿ ಸುಮಾರು 3.1 ಗ್ರಾಂ ತಾಮ್ರವಿದ್ದು, ಅದೆಲ್ಲವೂ ಕರಗಿದರೆ ಶೇ. 35ರ ಆಮ್ಲ ಸುಮಾರು 9 ಮಿ.ಲೀ. ಬೇಕು. ನಾನು ಕರಗಿದ ಭಾಗವನ್ನು ಅಂದಾಜಿಸಿ ಅಷ್ಟಕ್ಕೆ ತಕ್ಕ ಆಮ್ಲವನ್ನು ಸೇರಿಸುತ್ತೇನೆ. ಗುಳ್ಳೆಗಳೊಂದಿಗೆ ಆವಿಯಾಗಿ ಹೋಗುವ ಪಾಲು ಈ ಲೆಕ್ಕಕ್ಕೆ ಸಿಗದು. ಹಾಗಾಗಿ ಆಗಾಗ, ಪೂರ್ತಿ ಹಸಿರಾದ ದ್ರಾವಣದ 1 ಮಿ.ಲೀ. ಅನ್ನು ನೀರಿಗೆ ಹಾಕಿ, ಪ್ರಮಾಣ ಗೊತ್ತಿರುವ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ, ಕಲಕಿದರೂ ಹೋಗದ ಮಬ್ಬು ಕಾಣಿಸುವವರೆಗೆ ಎಷ್ಟು ಬೇಕಾಯಿತೆಂದು ಅಳೆದು, ಉಳಿದಿರುವ ಆಮ್ಲವೆಷ್ಟೆಂದು ತಿಳಿದುಕೊಳ್ಳುತ್ತೇನೆ. ಕಂದು ಬಣ್ಣದಲ್ಲಿರುವಾಗ ಈ ಪರೀಕ್ಷೆ ಮಾಡಬಾರದು, ಏಕೆಂದರೆ ನೀರು ಸೇರಿದೊಡನೆ ಕ್ಯುಪ್ರಸ್ ಕ್ಲೋರೈಡೇ ಬಿಳಿ ಗಸಿಯಾಗಿ ಬೇರ್ಪಟ್ಟು ದಾರಿ ತಪ್ಪಿಸುತ್ತದೆ.

ಆಮ್ಲ ಸೇರುತ್ತ ಹೋದಂತೆ ದ್ರಾವಣದ ಗಾತ್ರವೂ ಬೆಳೆಯುತ್ತದೆ. ಹೆಚ್ಚಾದುದನ್ನು ವಾಷಿಂಗ್ ಸೋಡಾದಿಂದ, ನೊರೆ ಉಕ್ಕದಂತೆ ಸ್ವಲ್ಪಸ್ವಲ್ಪವಾಗಿ ತಟಸ್ಥಗೊಳಿಸಿ, ತಳಕ್ಕಿಳಿದ ತಾಮ್ರದ ಗಸಿಯನ್ನು ಸೋಸಿ ಅಪಾಯಕಾರಿ ತ್ಯಾಜ್ಯವಾಗಿ ಬೇರೆಯೇ ಇಡುತ್ತೇನೆ. ಅತ್ಯಲ್ಪ ತಾಮ್ರವೂ ಜಲಚರಗಳಿಗೆ ವಿಷವಾದುದರಿಂದ ಅದು ಚರಂಡಿ ಸೇರಕೂಡದು. ಬಳಕೆಯ ದ್ರಾವಣವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮುಚ್ಚಳವನ್ನು ಪೂರ್ತಿ ಬಿಗಿಯದೆ, ಉಪಕರಣಗಳಿಂದ ದೂರ ಇಟ್ಟಿದ್ದೇನೆ, ಏಕೆಂದರೆ ಅದರ ಆವಿಗೆ ಹತ್ತಿರದ ಕಬ್ಬಿಣವೆಲ್ಲ ತುಕ್ಕು ಹಿಡಿಯುತ್ತದೆ.